ಉಗುರಿಟ್ಟು ತೋರಿಸಿದ ಸಾಲು

ನಾನು ನಿಂತಿದ್ದು ಆಸ್ಪತ್ರೆಯ ನೋಂದಣಿ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಗಾಲಿಕುರ್ಚಿಯ ಬಲಮಗ್ಗುಲಿಗೆ. ಮೂರು ವರ್ಷದ ಹಿಂದಿನ ಶ್ರಾವಣದ ಒಂದು ಸೋಮವಾರ, ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು. ಅಲ್ಲಿಂದ ನನಗೆ ಕಂಪ್ಯೂಟರಿನ ಪರದೆ ಕಾಣುತ್ತಿತ್ತು, ಕುರ್ಚಿಯಲ್ಲಿದ್ದ ಮುದುಕರ ಎಡಗೈ ಕಾಣುತ್ತಿತ್ತು, ತೆರೆದ ಬಾಗಿಲಾಚೆ ಜಗಲಿ ಕಾಣುತ್ತಿತ್ತು. ಜಗಲಿಯ ಆ ಬದಿಯಲ್ಲಿದ್ದ ವಾರ್ಡಿನ ಒಳಗು ಕಾಣುತ್ತಿರಲಿಲ್ಲ. ಅಲ್ಲಿ ಮೊದಲು ನಡೆದದ್ದನ್ನು ನಾನು ಆಮೇಲೆ ಕೇಳಿ ತಿಳಿದೆ. ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ.

ನನ್ನ ಊರು ಮಟಮಾರಿ. ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮತ್ತು ನೆಟ್‌ವರ್ಕ್ ಕೆಲಸ ಮಾಡಿಕೊಂಡು ಬಂದವನು. ಮಾನ್ವಿಯ ಅಕ್ಕಿ ಗಿರಣಿಗಳು, ದೇವದುರ್ಗದ ಶಾಲೆಗಳು, ಸಣ್ಣ ಆಸ್ಪತ್ರೆಗಳು ಕರೆದಾಗ ಬಸ್ಸು ಹತ್ತಿ ಹೋಗುತ್ತಿದ್ದೆ. ಈ ಆಸ್ಪತ್ರೆ ಮಾನ್ವಿಯ ಹೊರಗಿತ್ತು. ಅದರದೇ ಒಂದು ಹೆರಿಗೆ ಘಟಕ ದೇವದುರ್ಗದ ಕಡೆಯ ಹಳ್ಳಿಯೊಂದರಲ್ಲಿತ್ತು. ಎರಡೂ ಈಗ ಮುಚ್ಚಿವೆ.

ಆಸ್ಪತ್ರೆಯ ಕಂಪ್ಯೂಟರ್ ವ್ಯವಸ್ಥೆಯನ್ನೆಲ್ಲ ಕಟ್ಟಿದವರು ಒಬ್ಬ ಸ್ಪೇನ್ ದೇಶದ ಎಂಜಿನಿಯರ್. ಯೌವನದಲ್ಲಿ ಸೇವೆಗೆಂದು ಬಂದವರು ಹಿಂದಿರುಗಲಿಲ್ಲ. ಹೆಸರು ಅಂತೋನಿಯೊ, ಜನ ಅಂತೋಣಪ್ಪ ಮಾಡಿಕೊಂಡಿದ್ದರು. ಅವರ ಕನ್ನಡ ಮಾನ್ವಿಯ ಕನ್ನಡವೇ ಆಗಿತ್ತು. ಬೈದರೂ ಅದರಲ್ಲೇ ಬೈಯುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಬಿದ್ದವು, ಮಾತು ನಿಂತಿತು. ಕನ್ನಡ ಹೇಳಿದರೂ ಇಂಗ್ಲಿಷ್ ಹೇಳಿದರೂ ಮುಖದಲ್ಲಿ ಏನೂ ಮೂಡುತ್ತಿರಲಿಲ್ಲ. ಮೆದುಳಿಗೆ ಪೆಟ್ಟಾದಾಗ ಆಮೇಲೆ ಕಲಿತ ಭಾಷೆಗಳು ಹೋಗಿ ತಾಯಿಭಾಷೆ ಅಷ್ಟಿಷ್ಟು ಉಳಿಯುವುದುಂಟು ಎಂದು ಡಾಕ್ಟರ್ ಸುನೀತಾ ನನಗೆ ವಿವರಿಸಿದರು. ಆಸ್ಪತ್ರೆಯಲ್ಲಿ ಆಗ ಇದ್ದ ಡಾಕ್ಟರು ಅವರೊಬ್ಬರೇ.

ಆ ಸೋಮವಾರಕ್ಕೆ ಕೆಲವು ದಿನ ಮೊದಲು ಆಸ್ಪತ್ರೆಯ ಮುಖ್ಯ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತ್ತು. ರೋಗಿಗಳ ದಾಖಲೆಗಳ ಪ್ರತಿ ಅಂತೋಣಪ್ಪನವರ ಹಳೆಯ ಯಂತ್ರದಲ್ಲಿತ್ತು. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆ, ಅದರ ಮೇಲೆ ಆಜ್ಞೆ ಬರೆದು ಎಂಟರ್ ಒತ್ತಬೇಕು. ಇದಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ. ಅದು ನನಗೆ ಹೊಸದಲ್ಲ. ಆದರೆ ಅವರು ಫೈಲುಗಳಿಗೆ ಇಟ್ಟಿದ್ದ ಹೆಸರುಗಳು, ಒಳಗಿನ ಸಂಕೇತಗಳು ಅವರಿಗೊಬ್ಬರಿಗೇ ಗೊತ್ತು. ನಿಧಾನವಾಗಿ ಬಿಡಿಸೋಣ ಎಂದುಕೊಂಡು ನಾನು ಆ ದಿನ ಬಂದಿದ್ದೆ.

ನಿಧಾನಕ್ಕೆ ಸಮಯ ಸಿಗಲಿಲ್ಲ. ಬಾಗಲವಾಡದಿಂದ ಹುಲಿಗೆಮ್ಮ ಎಂಬ ಹೆಣ್ಣುಮಗಳನ್ನು ಆಟೊದಲ್ಲಿ ಕರೆತಂದರು. ಎದೆಯಲ್ಲಿ ಸೋಂಕು, ಜ್ವರ ನೆತ್ತಿಗೇರಿತ್ತು, ಮಾತು ತೊದಲುತ್ತಿತ್ತು. ಜೊತೆಗೆ ಬಂದವಳು ಅತ್ತೆ ಈರಮ್ಮ. ಡಾಕ್ಟರು ಆ್ಯಂಟಿಬಯೋಟಿಕ್ ಇಂಜೆಕ್ಷನ್ನಿಗೆ ಸಿದ್ಧಮಾಡುತ್ತಿದ್ದಾಗ ಆಕೆ ಜಗಲಿಯಿಂದಲೇ ಕೂಗಿ ಹೇಳಿದಳು:

"ಯವ್ವಾ, ಯಾವುದೋ ಒಂದು ಸೂಜಿ ಈಕಿಗಿ ಆಗಿಬರಲ್ಲಂತ. ಒಮ್ಮಿ ಅಂದಿದ್ಲು. ಯಾವುದಂತ ನನಗ ಗೊತ್ತಿಲ್ಲ ನೋಡ್ರಿ."

"ಮೊದಲು ಇಲ್ಲಿ ತೋರಿಸಿದ್ದೀರೇನಮ್ಮಾ?" ಎಂದು ಡಾಕ್ಟರು ಕೇಳಿದರು.

"ಎರಡು ಸಲ ಬಂದೀವ್ರಿ, ಜ್ವರಕ್ಕ. ಈ ಡಬ್ಬಿಯಾಗ ಬರಕೊಂಡಾರಲ್ಲ. ಇಷ್ಟು ದೊಡ್ಡ ಡಬ್ಬಿ ಇಟ್ಟೀರಿ, ನನ್ನ ಸೊಸಿ ಹೆಸರು ಗೊತ್ತಿಲ್ಲೇನು ಅದಕ್ಕ?"

ಗಂಡ ದುಡಿಯಲು ಹೈದರಾಬಾದಿಗೆ ಹೋಗಿದ್ದ. ತವರಿನ ತಮ್ಮನ ಫೋನು ಹತ್ತಲಿಲ್ಲ. ಆಂಬುಲೆನ್ಸ್ ಬೇರೊಬ್ಬ ರೋಗಿಯನ್ನು ಒಯ್ದಿತ್ತು, ಬರಲು ಹೊತ್ತಿತ್ತು. ಬದಲಿ ಔಷಧ ಬೇಕೆಂದರೆ ರಾಯಚೂರಿನಿಂದ ತರಿಸಬೇಕು. ಡಾಕ್ಟರು ಕೋಣೆಯ ಬಾಗಿಲಿಗೆ ಬಂದು ನನಗೆ ಹೇಳಿದ್ದು ಇಷ್ಟು: "ಆಕೆಯ ದಾಖಲೆ ಬೇಕು ಗೌತಮ್. ಇವತ್ತಲ್ಲ, ಈಗ."

ನರ್ಸ್ ಶಹನಾಜ್ ಅಂತೋಣಪ್ಪನವರನ್ನು ಗಾಲಿಕುರ್ಚಿಯಲ್ಲಿ ತಂದು ಯಂತ್ರದ ಮುಂದೆ ನಿಲ್ಲಿಸಿದಳು. ಅವಳ ಮನೆಮಾತು ದಖನಿ ಉರ್ದು. ಕೆಲಸ ಕಲಿತದ್ದು ಈ ಮುದುಕರ ಬೈಗುಳದ ಕೆಳಗೆ.

"ಮೊದಲೆಲ್ಲಾ ದಿನಕ್ಕ ಹತ್ತು ಸಲ ಬೈತಿದ್ರು ಸರ್," ಅಂದಳು. "ಈಗ ಬೈಸಿಕೊಳ್ಳಾಕೂ ನಸೀಬ ಇಲ್ಲ ನಮಗ."

ನಾನು ಯಂತ್ರದ ಸಹಾಯ ಪುಟ ತೆರೆದೆ. ಪ್ರತಿ ಆಜ್ಞೆಗೂ ಅದರ ಬಳಕೆಯನ್ನು ಸಾಲುಸಾಲಾಗಿ ವಿವರಿಸುವ ಪುಟ ಯಂತ್ರದಲ್ಲೇ ಇರುತ್ತದೆ. ಮ್ಯಾನ್ ಪೇಜ್ ಎನ್ನುತ್ತೇವೆ. ಅದು ಇಂಗ್ಲಿಷಿನಲ್ಲಿತ್ತು. ಅವರು ಗೋಡೆ ನೋಡಿದಂತೆ ನೋಡಿದರು. ಆಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಮಡಿಲಲ್ಲಿದ್ದ ಸ್ಪ್ಯಾನಿಷ್ ಪ್ರಾರ್ಥನಾ ಪುಸ್ತಕ. ಅದನ್ನು ಅವರು ಸುಮ್ಮನೆ ಹಿಡಿದಿರಲಿಲ್ಲ. ಪುಟದ ಕೊನೆಗೆ ಬಂದು ಹೆಬ್ಬೆರಳಲ್ಲಿ ಹಾಳೆ ತಿರುವಿದರು. ಓದುತ್ತಿದ್ದರು.

ಮಾತಾಡಲು ಬಾರದಿದ್ದರೆ ಫೋನಿನ ಅನುವಾದದಿಂದ ಉಪಯೋಗವಿಲ್ಲ. ಆದರೆ ಓದಿ ಬೆರಳು ಇಡಬಲ್ಲವರ ಮುಂದೆ ಓದುವಂಥದ್ದನ್ನು ಇಡಬಹುದು. ನನ್ನ ಫೋನಿನ ಇಂಟರ್ನೆಟ್ ಯಂತ್ರಕ್ಕೆ ಕೊಟ್ಟು ಸ್ಪ್ಯಾನಿಷ್ ಸಹಾಯ ಪುಟಗಳ ಪ್ಯಾಕೇಜ್ ಇಳಿಸಿಕೊಂಡೆ. ಹಳೆಯ ಯಂತ್ರ, ಅದು ತನಗೆ ಬೇಕಾದ ಇನ್ನೂ ಏನೇನನ್ನೋ ಜೊತೆಗೆ ಎಳೆದುಕೊಂಡಿತು. ಪುಟ ತೆರೆದರೆ ಮತ್ತೆ ಇಂಗ್ಲಿಷೇ ಬಂತು. ಪುಟಗಳು ಇದ್ದರೆ ಸಾಲದು, ಯಂತ್ರಕ್ಕೆ ಆ ಭಾಷೆಯ ಪರಿಚಯವೂ ಆಗಬೇಕು. ಅದಕ್ಕೆ ಲೊಕೇಲ್ ಎನ್ನುತ್ತಾರೆ. ಸ್ಪ್ಯಾನಿಷ್ ಲೊಕೇಲ್ ಸಿದ್ಧಮಾಡಿ, ಬಳಕೆಯ ಭಾಷೆ ಬದಲಿಸಿ, ಗ್ರೆಪ್ ಎಂಬ ಹುಡುಕುವ ಆಜ್ಞೆಯ ಪುಟ ಮತ್ತೆ ತೆರೆದೆ.

ಅಂತೋಣಪ್ಪನವರ ಕಣ್ಣು ಎಡದಿಂದ ಬಲಕ್ಕೆ ಸರಿಯಿತು. ಕೆಳಗಿನ ಸಾಲಿಗೆ ಇಳಿಯಿತು. ಶಹನಾಜ್ ಬಾಯಿಗೆ ಕೈ ಇಟ್ಟುಕೊಂಡಳು. "ಯಾ ಅಲ್ಲಾಹ್, ಓದಾಕತ್ತಾರ!"

ಆಮೇಲಿನದು ಬೇಗ ಆಯಿತು. ಫೈಲುಗಳ ಪಟ್ಟಿ ತೋರಿಸಿದೆ, ಅವರು ಎಡಗೈ ಬೆರಳಿಟ್ಟು ಒಂದನ್ನು ಆರಿಸಿದರು. ಹುಡುಕಲು ನೋಂದಣಿ ಕೌಂಟರಿನಲ್ಲಿ ದಿನಾ ಬಳಸುತ್ತಿದ್ದ ಆಜ್ಞೆಯೊಂದನ್ನು ಅವರು ಮೊದಲೇ ಬರೆದಿಟ್ಟಿದ್ದರು. ಹೆಸರು, ಊರು ಕೊಟ್ಟರೆ ಸಾಕು. ಹುಲಿಗೆಮ್ಮ, ಬಾಗಲವಾಡ ಎಂದು ಕೊಟ್ಟೆ. ಒಂದು ದಾಖಲೆ ಬಂತು. ಗಂಡನ ಹೆಸರು ಸರಿ, ವಯಸ್ಸು ಸರಿ, ಜ್ವರಕ್ಕೆ ಎರಡು ಭೇಟಿ, ಅದೂ ಸರಿ. ಔಷಧದ ತೊಂದರೆ ಇದ್ದರೆ ಬರೆಯುವ ಜಾಗ ಖಾಲಿ.

ಡಾಕ್ಟರು ಬಗ್ಗಿ ಓದಿದರು. ಎರಡು ಸಲ ಓದಿದರು. ಈರಮ್ಮನ ಕಡೆ ತಿರುಗಿ, "ಇದರಲ್ಲಿ ಏನೂ ಇಲ್ಲಮ್ಮಾ. ಬೇರೆ ಸಲ ಯಾವಾಗಾದರೂ ಬಂದಿದ್ದಳೇನು?" ಎಂದು ಕೇಳಿದರು.

"ಇಲ್ರೀ. ನಮ್ಮನಿಯಿಂದ ಎರಡೇ ಸಲ."

ಆಕೆ ಸುಳ್ಳು ಹೇಳಲಿಲ್ಲ. ಡಾಕ್ಟರು ವಾರ್ಡಿಗೆ ಹೋದರು.

ಆಗಲೇ ಅಂತೋಣಪ್ಪನವರು ಕೈ ಎತ್ತಿದ್ದು. ಪರದೆಯ ಅರ್ಧದಲ್ಲಿ ದಾಖಲೆ, ಇನ್ನರ್ಧದಲ್ಲಿ ಆ ಸ್ಪ್ಯಾನಿಷ್ ಪುಟ ಇನ್ನೂ ಇತ್ತು. ಅದರ ಒಂದು ಸಾಲಿನ ಮೇಲೆ ಹೆಬ್ಬೆರಳ ಉಗುರು ಇಟ್ಟರು. ತಟ್ಟಲಿಲ್ಲ, ಒತ್ತಿದರು. ಪರದೆಯ ಮೇಲೆ ಉಗುರಿನ ಸುತ್ತ ಬಣ್ಣ ಕದಡಿತು. ಗಂಟಲಿನಿಂದ ಒಂದು ಸದ್ದು ಬಂತು, ಅದು ಯಾವ ಭಾಷೆಯದೂ ಅಲ್ಲ.

"ತಾತಾಗ ದಣಿವಾಗೇದ ಸರ್, ಒಳಗ ಕರಕೊಂಡು ಹೋಗ್ತೀನಿ," ಎಂದು ಶಹನಾಜ್ ಕುರ್ಚಿ ಹಿಂದಕ್ಕೆ ಎಳೆದಳು. ಅವರು ಮೇಜಿನ ಅಂಚು ಹಿಡಿದುಕೊಂಡರು.

"ತಡಿಯವ್ವಾ," ಎಂದು ನಾನು ಆ ಸಾಲಿನ ಫೋಟೊ ತೆಗೆದು ಅನುವಾದಕ್ಕೆ ಹಾಕಿದೆ. ಚಕ್ರ ಸುತ್ತುತ್ತಲೇ ಇತ್ತು. ನನ್ನ ಫೋನಿನ ಆ ದಿನದ ಡೇಟಾ ಪೂರ್ತಿ ಸ್ಪ್ಯಾನಿಷ್ ಪುಟಗಳನ್ನು ಇಳಿಸುವುದರಲ್ಲೇ ಮುಗಿದಿತ್ತು. ಶಹನಾಜ್ ತನ್ನ ಫೋನು ಕೊಟ್ಟಳು. ಮತ್ತೆ ಫೋಟೊ ತೆಗೆದೆ. ಕನ್ನಡದಲ್ಲಿ ಬಂತು: ಇಷ್ಟು ಹೊಂದಿಕೆಗಳು ಸಿಕ್ಕ ನಂತರ ಓದುವುದನ್ನು ನಿಲ್ಲಿಸು.

ಕೌಂಟರಿನ ಆಜ್ಞೆಯ ಒಳಗೆ ಏನು ಬರೆದಿದೆ ಎಂದು ತೆರೆದು ನೋಡಿದೆ. ಆ ಸೂಚನೆ ಇತ್ತು, ಅದರ ಮುಂದೆ ಒಂದು ಎಂಬ ಅಂಕಿ ಇತ್ತು. ಗದ್ದಲದ ಕೌಂಟರಿನಲ್ಲಿ ಒಂದೇ ಸಾಲು ಬರಲಿ, ಬೇಗ ಬರಲಿ ಎಂದು ಅವರು ಹಾಗೆ ಬರೆದಿರಬೇಕು. ಅದನ್ನು ತೆಗೆದು ಮತ್ತೆ ಹುಡುಕಿದೆ.

ಎರಡು ದಾಖಲೆ ಬಂದವು.

ಎರಡನೆಯದು ದೇವದುರ್ಗದ ಕಡೆಯ ಹೆರಿಗೆ ಘಟಕದ್ದು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಕರೆದೊಯ್ಯುವವರು, ಹೆಸರು ಬರೆಸುವವರು, ಚೀಟಿ ಇಟ್ಟುಕೊಳ್ಳುವವರು ಎಲ್ಲ ತವರಿನವರೇ. ಅತ್ತೆ ಮನೆಯವರು ಅದನ್ನು ಕೇಳುವುದಿಲ್ಲ, ಕೇಳಿದರೆ ಮರ್ಯಾದೆಯಲ್ಲ. ಅಲ್ಲಿ ಅವಳು ತಂದೆಯ ಹೆಸರಿನ ಹುಲಿಗೆಮ್ಮ, ಇಲ್ಲಿ ಗಂಡನ ಹೆಸರಿನ ಹುಲಿಗೆಮ್ಮ. ಅಂತೋಣಪ್ಪನವರು ಈ ರೂಢಿ ಬಲ್ಲವರಾದ್ದರಿಂದ ಹೆರಿಗೆಯ ದಾಖಲೆಗಳಲ್ಲಿ ಮದುವೆಯಾಗಿ ಹೋದ ಊರನ್ನೂ ಬರೆಸುತ್ತಿದ್ದರು. ಆ ದಾಖಲೆಯಲ್ಲಿ ಬಾಗಲವಾಡ ಬಂದದ್ದು ಹಾಗೆ. ಔಷಧದ ತೊಂದರೆಯ ಜಾಗದಲ್ಲಿ ಒಂದು ಇಂಜೆಕ್ಷನ್ನಿನ ಹೆಸರು, ಅದರ ಮುಂದೆ ಉಸಿರು ಕಟ್ಟಿತ್ತು ಎಂಬ ಮಾತು.

ನಾನು ಜಗಲಿ ದಾಟಿ ಓಡಿದೆ. ವಾರ್ಡಿನ ಬಾಗಿಲಲ್ಲಿ ಇಂಜೆಕ್ಷನ್ನಿನ ಹೆಸರು ಕೂಗಿದೆ. ಡಾಕ್ಟರ್ ಸುನೀತಾ ತಿರುಗಿ ನೋಡಿದರು. ಅವರ ಕೈಯಲ್ಲಿದ್ದ ಸಿರಿಂಜು ಖಾಲಿಯಾಗಿತ್ತು. ಅದರಲ್ಲಿದ್ದದ್ದು ಅದೇ ಮದ್ದು ಎಂದು ಆಮೇಲೆ ಕೇಳಿ ತಿಳಿದೆ.

ಅವರು ಕೂಡಲೇ ಅದಕ್ಕೆ ಕೊಡಬೇಕಾದ ಪ್ರತಿಮದ್ದು ಕೊಟ್ಟರು, ಆಮ್ಲಜನಕ ಹಾಕಿದರು, ಮೊಣಕಾಲೂರಿ ಎದೆ ಒತ್ತಿದರು. ಶಹನಾಜ್ ಬಂದು ಸೇರಿಕೊಂಡಳು. ಇದನ್ನು ನಾನು ಬಾಗಿಲಿನಿಂದ ನೋಡಿದೆ. ಆಂಬುಲೆನ್ಸ್ ಬಂದಾಗ ಹುಲಿಗೆಮ್ಮ ಇರಲಿಲ್ಲ.

ಕೋಣೆಗೆ ಹಿಂತಿರುಗಿದಾಗ ಅಂತೋಣಪ್ಪನವರು ಅಲ್ಲೇ ಇದ್ದರು. ಅವರನ್ನು ಒಳಗೆ ಕರೆದೊಯ್ಯಲು ಯಾರೂ ಉಳಿದಿರಲಿಲ್ಲ. ವಾರ್ಡಿನಿಂದ ಈರಮ್ಮನ ಅಳು ಕೇಳುತ್ತಿತ್ತು. ಅದಕ್ಕೆ ಅನುವಾದ ಬೇಕಿರಲಿಲ್ಲ. ಅವರು ಪರದೆಯಿಂದ ಮುಖ ತಿರುಗಿಸಿ ಗೋಡೆ ನೋಡುತ್ತಿದ್ದರು.

ವಿಚಾರಣೆ ನಡೆಯಿತು. ನಾನು ಹೇಳಿಕೆ ಕೊಟ್ಟೆ. ಇಲ್ಲಿ ಬರೆದದ್ದನ್ನೇ ಹೇಳಿದೆ. ಕೈಯಲ್ಲಿದ್ದ ದಾಖಲೆಯ ಮೇಲೆ ಡಾಕ್ಟರು ತೆಗೆದುಕೊಂಡ ತೀರ್ಮಾನ ತಪ್ಪಲ್ಲ ಎಂದು ವಿಚಾರಣೆಯವರು ಬರೆದರು. ಅದು ನಿಜ. ಆ ನಿಜದಿಂದ ಯಾರಿಗೂ ನಿದ್ದೆ ಬರಲಿಲ್ಲ.

ತಿಂಗಳ ನಂತರ ಯಂತ್ರ ಬದಲಿಸಲು ಹೋದಾಗ ಈರಮ್ಮ ಯಾವುದೋ ಸಹಿಗೆಂದು ಜಗಲಿಯಲ್ಲಿ ಕೂತಿದ್ದಳು. ಮಗ್ಗುಲಲ್ಲಿ ಮೊಮ್ಮಗಳಿದ್ದಳು. ನನ್ನನ್ನು ಗುರುತಿಸಿದಳು.

"ಯಪ್ಪಾ, ಆ ಮುದುಕನ ದನಿ ಜಗಲಿಗೂ ಕೇಳಿತ್ತು. ಆವತ್ತು ಏನ ಹೇಳಾಕತ್ತಿದ್ದ?"

ಇನ್ನೊಂದು ಇದೆ, ಮುಂದೆ ನೋಡಿ ಎಂದು ಹೇಳುತ್ತಿದ್ದರು ಎಂದೆ.

ಆಕೆ ಮೊಮ್ಮಗಳನ್ನು ಹತ್ತಿರ ಎಳೆದುಕೊಂಡಳು. "ಹಂಗಾರ ಅಂವಗ ಗೊತ್ತಿತ್ತು," ಅಂದಳು. "ಗೊತ್ತಿದ್ದಾಂವನ ಬಾಯಿ ಆ ದೇವರು ಕಸಗೊಂಡ. ನನಗ ಬಾಯಿ ಇತ್ತು, ಸೊಸಿನ್ನ ಒಂದು ಮಾತು ಕೇಳಿರಲಿಲ್ಲ."

ಈ ಕೆಲಸ ನನಗೆ ಕಲಿಸಿದ್ದು ಒಂದು ಅಭ್ಯಾಸ. ಹುಡುಕಿದ್ದು ಸಿಕ್ಕಿತೆಂದು ಎಲ್ಲರೂ ಎದ್ದಾಗ ನಾನು ಕೂತೇ ಇರುತ್ತೇನೆ, ಇನ್ನೊಮ್ಮೆ ಹುಡುಕುತ್ತೇನೆ. ಗಿರಣಿಯ ಸಾಹುಕಾರರು ನಗುತ್ತಾರೆ. ನಗಲಿ. ಮಾತು ಬಾರದವರು ಒಂದು ಕಡೆ ಕೈ ಇಟ್ಟರೆ ಆ ಕೈಯನ್ನು ಸರಿಸುವುದಿಲ್ಲ.

ಅಂತೋಣಪ್ಪನವರು ಮರುವರ್ಷದ ಮಳೆಗಾಲದಲ್ಲಿ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ನನ್ನ ಅಂಗೈ ತೆಗೆದುಕೊಂಡು ಅದರ ನಡುವೆ ಹೆಬ್ಬೆರಳ ಉಗುರು ಒತ್ತಿ ಹಿಡಿದಿದ್ದರು.

ಆ ಮಧ್ಯಾಹ್ನ ಅಲ್ಲಿದ್ದವರಲ್ಲಿ ಈಗ ಇರುವವರು: ಡಾಕ್ಟರ್ ಸುನೀತಾ, ರಾಯಚೂರಿನಲ್ಲಿ, ರೋಗಿಗಳನ್ನು ನೋಡುವುದನ್ನು ಬಿಟ್ಟು ಪಾಠ ಹೇಳುತ್ತಾರೆ. ಶಹನಾಜ್, ಮಾನ್ವಿಯಲ್ಲಿ, ಉಗುರು ಒತ್ತಿದ್ದನ್ನು ನನ್ನ ಜೊತೆ ಕಂಡವಳು ಅವಳೊಬ್ಬಳೇ. ಈರಮ್ಮ, ಬಾಗಲವಾಡದಲ್ಲಿ, ಮೊಮ್ಮಗಳನ್ನು ಯಾವ ದವಾಖಾನೆಗೆ ಕರೆದೊಯ್ದರೂ ಮೊದಲು ಅವಳ ತಾಯಿಯ ತವರೂರಿನ ಹೆಸರು ಹೇಳುತ್ತಾಳೆ, ಯಾರೂ ಕೇಳದಿದ್ದರೂ.