ಸವೆಯದ ಜೋಡು

ನಮ್ಮಪ್ಪ ಆಂಜೊಲೊ ಕೆರ್ಕಿರಾ ದ್ವೀಪದಲ್ಲಿ ಜೋಡು ಹೊಲಿಯುತ್ತಿದ್ದ. ಊರಿನ ಕಾಲಿಗೆಲ್ಲ ಅವನೇ. ಆದರೆ ಮೀಸೆ ತಿರುವುತ್ತಿದ್ದದ್ದು ಒಂದೇ ಜೋಡಿಗಾಗಿ. ಅದು ಇಗರ್ಜಿಯ ಬೆಳ್ಳಿ ಪೆಟ್ಟಿಗೆಯಲ್ಲಿ ಮೈ ಕೆಡದೆ ಮಲಗಿರುವ ಸಂತ ಸ್ಪಿರಿಡೋನನ ಮಖಮಲ್ಲಿನ ಜೋಡು.

ಸಂತ ಸೈಪ್ರಸ್ಸಿನ ಕುರುಬ. ಬಿಷಪ್ಪನಾದ ಮೇಲೂ ಕುರಿ ಬಿಡಲಿಲ್ಲ. ಸತ್ತು ಸಾವಿರದೈನೂರು ವರ್ಷ ಕಳೆದರೂ ಸುಮ್ಮನೆ ಮಲಗುವ ಆಸಾಮಿಯಲ್ಲ. ಎದ್ದು ಹೋಗಿ ಜ್ವರದವರ ಹಣೆ ಸವರುತ್ತಾನೆ, ಮುಳುಗುವ ದೋಣಿ ಎತ್ತುತ್ತಾನೆ. ವರ್ಷಕ್ಕೊಮ್ಮೆ ಅವನ ಹಬ್ಬದ ದಿನ ಹೊಸದು ತೊಡಿಸಲು ಹಳೇ ಜೋಡು ತೆಗೆದರೆ ಅಟ್ಟೆ ಸವೆದಿರುತ್ತಿತ್ತು. ಊರಿಗೆ ಅದೇ ಧೈರ್ಯ. ಅಪ್ಪನಿಗೆ ಮಾತ್ರ ಅದೇ ಅವಮಾನ.

“ಈ ಆಂಜೊಲೊ ಹೊಲಿದದ್ದು ಒಂದೇ ವರ್ಷಕ್ಕೆ ಹರಿಯೋದಾ?” ಎಂದು ಗೊಣಗುತ್ತಿದ್ದವನು, ಒಂದು ಸಲ ಯಾರಿಗೂ ಹೇಳದೆ ಮಖಮಲ್ಲಿನ ಕೆಳಗೆ ಎತ್ತಿನ ತೊಗಲನ್ನು ಎರಡು ಪದರ ಇಟ್ಟು ಹೊಲಿದುಬಿಟ್ಟ. ಹೆಮ್ಮೆಯ ಮುಂದೆ ಬುದ್ಧಿ ಎಲ್ಲಿ ನಿಲ್ಲುತ್ತದೆ?

ಮರುವರ್ಷದ ಹಬ್ಬಕ್ಕೆ ಬಿರುಗಾಳಿ. ಪಕ್ಕದ ಮನೆಯ ವಿಧವೆ ಜಂಬೆತ್ತಾಳ ಒಬ್ಬನೇ ಮಗ ಜಾನೆಟೊ ಎಣ್ಣೆ ಪೀಪಾಯಿ ತುಂಬಿಕೊಂಡು ಆಚೆ ದಡಕ್ಕೆ ಹೋಗಿ ಒಂಬತ್ತು ದಿನ, ದೋಣಿಯ ಸುಳಿವಿಲ್ಲ. ಅವಳು ಅನ್ನ ನೀರು ಬಿಟ್ಟು ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದಳು. ಪಾದ್ರಿಗಳು ಹಳೇ ಜೋಡು ತೆಗೆದು ಮಗುಚಿದರು. ಅಟ್ಟೆ ಹೊಚ್ಚ ಹೊಸದು.

“ಅಯ್ಯೋ, ವರ್ಷವೆಲ್ಲ ಹೊರಗೇ ಹೋಗಿಲ್ಲ!” ಎಂದರು ಯಾರೋ.

ಜಂಬೆತ್ತಾ ಜೋಡನ್ನು ಕಸಿದು ಕೈಯಲ್ಲೇ ತೂಗಿ ನೋಡಿದಳು. “ಏನೋ ಆಂಜೊಲೊ, ಇದು ಜೋಡೋ ಲಂಗರೋ? ಮುದುಕನ ಕಾಲಿಗೆ ಕಲ್ಲು ಕಟ್ಟಿದೀಯಲ್ಲೋ ಪಾಪಿ! ನನ್ನ ಮಗ ಕೂಗಿದ್ರೆ ಅವನು ಏಳೋದು ಹ್ಯಾಗೋ?”

ಇಗರ್ಜಿಯ ಕಣ್ಣೆಲ್ಲ ಅಪ್ಪನ ಮೇಲೆ. ಈ ಸಲಕ್ಕೆ ಹೊಲಿದು ತಂದಿದ್ದ ಹೊಸ ಜೋಡೂ ಅಷ್ಟೇ ಭಾರದ್ದು, ಅದು ಅವನಿಗೊಬ್ಬನಿಗೇ ಗೊತ್ತು. ಮನೆಗೆ ಓಡಿದ. ನಾನು ಮಖಮಲ್ಲು ಕತ್ತರಿಸಿದೆ, ಅವನು ಒಂದೇ ತೆಳು ಪದರಕ್ಕೆ ಸೂಜಿ ಹಾಕಿದ. ಅವಸರಕ್ಕೆ ಅದು ಮೂರು ಸಲ ಬೆರಳಿಗೇ ಚುಚ್ಚಿತು. ಜಂಬೆತ್ತಾ ಬಾಗಿಲಲ್ಲಿ ನಿಂತು, “ಬೇಗ ಹೊಲಿಯೋ, ಬೇಗ! ಅವನು ಮುಳುಗ್ತಿದಾನೆ!” ಎಂದು ಒಂದೇ ಸಮನೆ ಅನ್ನುತ್ತಿದ್ದಳು. ಅಪ್ಪ ದಾರ ಎಳೆಯುತ್ತಲೇ ಇದ್ದ. ನನಗೆ ಅವನ ಮೇಲೆ ಸಿಟ್ಟೂ ಬಂತು, ಕರುಳೂ ಚುರುಕ್ಕೆಂದಿತು.

ದಾರಕ್ಕೆ ಕೊನೆಯ ಗಂಟು ಬೀಳುವ ಮೊದಲೇ ಬಂದರಿನ ಕಡೆಯಿಂದ ಕೂಗು ಕೇಳಿಸಿತು. ದೋಣಿ! ಹಾಯಿಮರ ಮುರಿದ ದೋಣಿಯಿಂದ ಜಾನೆಟೊನನ್ನು ಹೊತ್ತು ಇಳಿಸಿದರು. ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಅವನು ಹೇಳಿದ: “ಮೊನ್ನೆ ಕೈಸೋತು ಚುಕ್ಕಾಣಿ ಬಿಟ್ಬಿಟ್ಟೆ ಕಣಮ್ಮಾ. ಯಾರೋ ಮುದುಕ ಬಂದು ಹಿಡ್ಕೊಂಡ. ಮೈಯೆಲ್ಲ ಕುರಿ ವಾಸನೆ.”

ಅಪ್ಪನ ಮುಖಕ್ಕೆ ಜೀವ ಬಂತು. “ಕೇಳಿದ್ಯಾ ಜಂಬೆತ್ತಾ? ಹೋಗಿದ್ದಾನೆ! ನನ್ನ ಜೋಡು ಹಾಕ್ಕೊಂಡೇ ಹೋಗಿದ್ದಾನೆ, ಸವೆದಿಲ್ಲ ಅಷ್ಟೆ!”

“ಜೋಡೆಲ್ಲಿ ಮಾವಾ,” ಎಂದ ಜಾನೆಟೊ. “ಬರಿಗಾಲು. ಹಿಮ್ಮಡಿ ಒಡೆದು ರಕ್ತ ಬರ್ತಿತ್ತು.”

ಅಪ್ಪ ಬಂದರಿನ ಕಲ್ಲಿನ ಮೇಲೆ ಕುಸಿದು ಕೂತ. “ವರ್ಷವೆಲ್ಲ ಬರಿಗಾಲಲ್ಲಿ ನಡೆಸಿದ್ನಲ್ಲಪ್ಪಾ ನಾನು ಅವನನ್ನ,” ಎಂದು ಊರೆಲ್ಲ ನೋಡುವಂತೆ ಅತ್ತ. ಬೈಯಲು ಬಾಯಿ ತೆರೆದ ಜಂಬೆತ್ತಾ ಮಗನನ್ನು ತೊಡೆಯ ಮೇಲಿಟ್ಟುಕೊಂಡೇ ಅವನ ಪಕ್ಕಕ್ಕೆ ಸರಿದು ಕೂತಳು.

ಆ ತೆಳು ಜೋಡನ್ನೇ ಸಂತನಿಗೆ ಹಾಕಿದರು. ಮುಂದಿನ ಹಬ್ಬಕ್ಕೆ ಅದರ ಹಿಮ್ಮಡಿಯಲ್ಲಿ ತೂತು ಬಿದ್ದಿತ್ತು. ಅಪ್ಪ ಆ ತೂತಿಗೆ ಮುತ್ತಿಟ್ಟ.