ಸ್ಟೆಪ್ನಿಯ ಮೇಲೆ ಅಪ್ಪನ ಫೋನ್ ನಂಬರು

ಪಿಯುಸಿಯಲ್ಲಿ ನಾನು ಗಳಿಸಿದ ಅಂಕಗಳನ್ನು ನೋಡಿ ನಮ್ಮೂರಾದ ದಾವಣಗೆರೆಯ ಕಾಲೇಜುಗಳು ಒಂದಾದ ಮೇಲೊಂದು ಕೈಮುಗಿದವು. ಹರಿಹರದ ಕಾಲೇಜೊಂದು ಮಾತ್ರ ಮನುಷ್ಯತ್ವ ತೋರಿಸಿ ಬಿ.ಕಾಂ.ಗೆ ಸೇರಿಸಿಕೊಂಡಿತು. ಹೀಗೆ ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ವಿದ್ಯಾರ್ಜನೆಗಾಗಿ ದಿನಾ ಪರಸ್ಥಳಕ್ಕೆ ಹೋಗಿಬರುವ ಯೋಗ ನನಗೆ ಒದಗಿತು. ಪರಸ್ಥಳವೆಂದರೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದರೆ ಮನೆಯಲ್ಲಿ ಸ್ಕೂಟರ್ ಇತ್ತು, ಜೇಬಿನಲ್ಲಿ ಹೊಸ ಲೈಸೆನ್ಸ್ ಇತ್ತು, ಬಸ್ಸಿನಲ್ಲಿ ನಿಂತು ಹೋಗುವುದು ನನ್ನಂಥವನ ಘನತೆಗೆ ಕುಂದು ಎಂಬ ಭಾವನೆಯೂ ಎಲ್ಲಿಂದಲೋ ಬಂದು ಸೇರಿಕೊಂಡಿತ್ತು.

ಅಪ್ಪ ಮಾರ್ಕೆಟ್ ಯಾರ್ಡಿನಲ್ಲಿ ದಲ್ಲಾಳಿ ಅಂಗಡಿ ಇಟ್ಟಿದ್ದರು. ರೈತರು ತಂದ ಮೆಕ್ಕೆಜೋಳ, ಭತ್ತಗಳನ್ನು ಮಾರಿಸಿಕೊಡುವುದು ಕಸುಬು. ದಿನವಿಡೀ ಲಾರಿಗಳ ನಡುವೆ ಬದುಕಿದ ಮನುಷ್ಯನಿಗೆ ಹರಿಹರಕ್ಕೆ ಹೋಗುವ ಪಿ.ಬಿ. ರಸ್ತೆಯ ಬಗ್ಗೆ ಯಾವ ಭ್ರಮೆಯೂ ಇರಲಿಲ್ಲ. ನಾನು ಲೈಸೆನ್ಸ್ ತೋರಿಸಿದಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

"ಇದನ್ನ ಕೊಟ್ಟೋನು ನಿನ್ನ ಹಿಂದೆ ಕುಂತು ಬರ್ತಾನೇನು?"

"ಇಲ್ಲ ಅಪ್ಪಾಜಿ."

"ಮತ್ತೆ ನೀನು ಹೆಂಗೆ ಓಡಿಸ್ತೀ ಅಂತ ನನಗ್ಯಾರು ಹೇಳೋರು?"

ಈ ಪ್ರಶ್ನೆಗೆ ಉತ್ತರ ಅವರಿಗೇ ಸಿಕ್ಕಿತು. ಸಿಕ್ಕಿದ್ದು ಒಂದು ಲಾರಿಯ ಬೆನ್ನ ಮೇಲೆ. ಆಗ ಕೆಲವು ದೊಡ್ಡ ಸಾಗಾಣಿಕೆಯವರು ಲಾರಿಯ ಹಿಂಬದಿಯಲ್ಲಿ, ಚಾಲಕ ಅಡ್ಡಾದಿಡ್ಡಿ ಓಡಿಸಿದರೆ ಈ ನಂಬರಿಗೆ ಫೋನ್ ಮಾಡಿ ಎಂದು ಬರೆಸಲು ಶುರುಮಾಡಿದ್ದರು. ಅಪ್ಪ ಅದನ್ನು ಓದಿದರು, ಮೆಚ್ಚಿದರು, ಮರುದಿನವೇ ಸ್ಕೂಟರನ್ನು ಲಾರಿಗೆ ಬಣ್ಣ ಹೊಡೆಯುವವನ ಹತ್ತಿರ ಒಯ್ದರು. ಸ್ಕೂಟರಿನ ಹಿಂದೆ ನೇತಾಡುವ ಸ್ಟೆಪ್ನಿಗೆ ಬಿಳಿ ರೆಕ್ಸಿನ್ ಕವರ್ ಹೊಲಿಸಿ, ಅದರ ಮೇಲೆ ಕೆಂಪು ಅಕ್ಷರದಲ್ಲಿ ಬರೆಸಿದರು: "ಈ ಸ್ಕೂಟರ್ ಜೋರಾಗಿ ಹೋದರೆ ಹುಡುಗನ ತಂದೆಗೆ ತಿಳಿಸಿ." ಕೆಳಗೆ ಅಂಗಡಿಯ ಫೋನ್ ನಂಬರು.

"ಸಾವ್ಕಾರ್ರೇ, ಇಷ್ಟು ಜಾಗ ಉಳದೈತೆ. ಎರಡು ಕಮಲ ಬಿಡಿಸ್ಲೇನ್ರಿ?" ಎಂದ ಬಣ್ಣದವನು.

"ಬಿಡಿಸು" ಎಂದರು ಅಪ್ಪ.

ಎರಡು ಕಮಲಗಳ ನಡುವೆ ನನ್ನ ಮರ್ಯಾದೆಯನ್ನು ಹೀಗೆ ಬಹಿರಂಗವಾಗಿ ಹರಾಜಿಗಿಟ್ಟು, ಅಪ್ಪ ಕೀಲಿ ನನ್ನ ಕೈಗಿತ್ತರು.

ಆ ಕವರಿನ ಮಹಿಮೆ ಅನುಭವಿಸಿದವರಿಗೇ ಗೊತ್ತು. ಅಕ್ಷರಗಳು ಸಣ್ಣವು, ಆದ್ದರಿಂದ ಓದಬೇಕೆನ್ನುವವರು ಹತ್ತಿರ ಬರಬೇಕು. ನಾನು ನಿಧಾನ ಹೋಗುತ್ತಿದ್ದುದರಿಂದ ಎಲ್ಲರಿಗೂ ಹತ್ತಿರ ಬರಲು ಸಾಧ್ಯವಾಗುತ್ತಿತ್ತು. ಸೈಕಲ್ಲಿನವರು ಬೆನ್ನ ಹಿಂದೆ ಬಂದು ಗಟ್ಟಿಯಾಗಿ ಓದಿಕೊಂಡು, ಪಕ್ಕಕ್ಕೆ ಬಂದು ನನ್ನ ಮುಖವನ್ನೂ ಒಮ್ಮೆ ಪರೀಕ್ಷಿಸಿ, ಮುಂದೆ ಹೋಗುತ್ತಿದ್ದರು. ಬಸ್ಸುಗಳ ಕಿಟಕಿಗಳಿಂದ ತಲೆಗಳು ಹೊರಬರುತ್ತಿದ್ದವು. ದಾರಿಯಲ್ಲಿ ಸಿಗುವ ಬಾತಿ ಎಂಬ ಹಳ್ಳಿಯ ಹತ್ತಿರ ಒಂದು ದಿನ ನಮ್ಮ ಕಾಲೇಜಿನ ಹುಡುಗಿಯರಿದ್ದ ಬಸ್ಸಿನ ಕಂಡಕ್ಟರು ಬಾಗಿಲಲ್ಲಿ ನಿಂತು ಇಡೀ ಬರಹವನ್ನು ಸ್ಟಾಪ್‌ಗಳ ಹೆಸರು ಕೂಗುವ ರಾಗದಲ್ಲೇ ಓದಿದ. ಒಳಗಿನಿಂದ ಬಂದ ನಗು ಹರಿಹರ ಮುಟ್ಟುವವರೆಗೂ ನನ್ನ ಕಿವಿಯಲ್ಲಿತ್ತು. ಕಾಲೇಜಿನಲ್ಲಿ ಸ್ಟೆಪ್ನಿಯನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದೆ. ಗೆಳೆಯರು ಸ್ಕೂಟರನ್ನು ಭಕ್ತಿಯಿಂದ ತಿರುಗಿಸಿ ನಿಲ್ಲಿಸುತ್ತಿದ್ದರು.

ಫೋನುಗಳು ಬರತೊಡಗಿದವು. ಮೊದಲನೆಯದು ಮೆಕ್ಕೆಜೋಳದ ಧಾರಣೆ ವಿಚಾರಿಸಿ. ಎರಡನೆಯದು ಒಬ್ಬ ಬಸ್ ಡ್ರೈವರಿನದು: "ನಿಮ್ಮ ಹುಡುಗ ಬಾಳ ನಿಧಾನ ಹೊಕ್ಕಾನ್ರಿ, ಹಿಂದೆ ಮೆರವಣಿಗಿ ಆಗೈತಿ." ಅಪ್ಪ ಅದನ್ನು ದೂರು ಎಂದು ಪರಿಗಣಿಸಲಿಲ್ಲ. ಆದರೆ ನಿಜವಾದ ದೂರುಗಳೂ ಬಂದವು. ದೂರು ಬಂದ ದಿನ ಸಂಜೆ ಅಂಗಡಿಯಲ್ಲಿ, ಗಾದಿಯ ಮೇಲೆ ಅಪ್ಪ, ಮೂಟೆಗಳ ಪಕ್ಕದಲ್ಲಿ ನಾನು, ವಿಚಾರಣೆ ನಡೆಯುತ್ತಿತ್ತು. ಫಿರ್ಯಾದಿ ಸದಾ ಗೈರುಹಾಜರು.

"ಬಾತಿ ಹತ್ರ ಲಾರಿಗೆ ಸೈಡ್ ಹೊಡೆದ್ಯಂತೆ?"

"ಲಾರಿ ನಿಂತಿತ್ತು ಅಪ್ಪಾಜಿ. ಟೈರು ಬಿಚ್ಚಿದ್ರು."

"ನಿಂತ ಲಾರಿ ದಾಟಿದ್ದಕ್ಕೆ ಯಾರಾರ ಕೈಯಾಗಿನ ಕಾಸು ಹಾಕಿ ಫೋನ್ ಮಾಡ್ತಾರೇನು?"

 ಮನುಷ್ಯ ಸುಮ್ಮನೆ ಬಾಯಿಮಾತಿನಲ್ಲಿ ಹೇಳಿದ್ದು ಸುಳ್ಳಿರಬಹುದು, ಫೋನಿನಲ್ಲಿ ಹೇಳಿದ್ದು ನಿಜ ಎಂಬುದು ಅಪ್ಪನ ಸಿದ್ಧಾಂತ. ಯಾರ್ಡಿನಲ್ಲಿ ಸಾವಿರಾರು ಚೀಲದ ವ್ಯವಹಾರ ಫೋನಿನ ಒಂದು ಮಾತಿನ ಮೇಲೆ ನಡೆಯುತ್ತಿತ್ತಲ್ಲ. ನನಗೆ ಬೇಕಾಗಿದ್ದದ್ದು ಹೆಚ್ಚೇನಲ್ಲ. ಹೆಸರು ಹೇಳದ ಒಬ್ಬ ದಾರಿಹೋಕನಿಗಿಂತ ಮೊದಲು ಒಂದು ಸಲ, ಒಂದೇ ಒಂದು ಸಲ, ಅಪ್ಪ ನನ್ನ ಮಾತು ನಂಬಬೇಕು. ಸ್ಕೂಟರ್ ಹೋದರೂ ಚಿಂತೆಯಿಲ್ಲ ಅನ್ನಿಸುವಷ್ಟು ಅದು ಬೇಕಾಗಿತ್ತು.

ಅಷ್ಟರಲ್ಲಿ ನಮ್ಮ ತರಗತಿಯವರಿಗೆ ಆ ನಂಬರು ಬಾಯಿಪಾಠವಾಗಿತ್ತು. ಅವರಲ್ಲೊಬ್ಬ ಕಾಲೇಜು ನಾಟಕಗಳಲ್ಲಿ ಮುದುಕಿಯ ಪಾತ್ರಕ್ಕೆ ಪ್ರಸಿದ್ಧ. ಒಂದು ದಿನ ಅವನು ಅಂಗಡಿಗೆ ಫೋನ್ ಮಾಡಿ, ನಿನ್ನ ಮಗ ಬಾತಿಯಲ್ಲಿ ನನ್ನ ಕೋಳಿಯ ಮೇಲೆ ಸ್ಕೂಟರ್ ಹತ್ತಿಸಿದ, ಮೊಟ್ಟೆ ಇಡೋ ಕೋಳಿ, ನಾನು ಗಂಡ ಸತ್ತವಳು ಎಂದು ಅತ್ತುಬಿಟ್ಟ. ಈರುಳ್ಳಿ ಬೆಳ್ಳುಳ್ಳಿಗೂ ವಾರ ತಿಥಿ ನೋಡುವ ಮನೆ ನಮ್ಮದು. ನಮ್ಮ ವಂಶದಲ್ಲಿ ಕೋಳಿಯ ಪ್ರಾಣ ತೆಗೆದವರು ಯಾರೂ ಇರಲಿಲ್ಲ. ಅಪ್ಪ ನನ್ನನ್ನು ಒಂದು ಮಾತೂ ಕೇಳದೆ, ಜುಬ್ಬಾ ಹಾಕಿಕೊಂಡು, ಬಸ್ಸು ಹತ್ತಿ ಬಾತಿಗೆ ಹೋದರು. ಮನೆಮನೆಯ ಮುಂದೆ ನಿಂತು, ಕೋಳಿ ಕಳೆದುಕೊಂಡ ಅಜ್ಜಿ ಯಾರು ಎಂದು ವಿಚಾರಿಸಿದರು. ಕೋಳಿಗಳೆಲ್ಲ ಕ್ಷೇಮವಾಗಿದ್ದವು. ಹಣೆಯಲ್ಲಿ ವಿಭೂತಿ ಧರಿಸಿದ ಸಾವುಕಾರರೊಬ್ಬರು ಸಂಜೆ ಹೊತ್ತು ಕೋಳಿ ಹುಡುಕುತ್ತಿರುವುದನ್ನು ನೋಡಲು ಜನ ಸೇರಿದರಂತೆ.

ವಾಪಸು ಬಂದವರು ಕೈಕಾಲು ತೊಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತರು. ನಾನು ಆ ಬೆನ್ನನ್ನು ನೋಡಲಾಗದೆ ಹಿತ್ತಲಿಗೆ ಹೋದೆ. ಅವರನ್ನು ನಗೆಪಾಟಲು ಮಾಡಿದ ಗೆಳೆಯ ನನ್ನವನು. ಅವನ ಹೆಸರು ಹೇಳಲೂ ಆಗದು, ಹೇಳದಿರಲೂ ಆಗದು.

ಇಷ್ಟಾದ ಮೇಲೆ ಕವರ್ ಕಿತ್ತು ಬಿಸಾಡಬಹುದಿತ್ತು. ಕಿತ್ತರೆ ಸೋಲು ಒಪ್ಪಿಕೊಂಡಂತೆ. ಅದರ ಬದಲು, ಇದು ಕಾಲೇಜು ಹುಡುಗರ ಆಟವೆಂದು ಊಹಿಸಿದ ಅಪ್ಪ ಧ್ವನಿ ಪರೀಕ್ಷೆಯಲ್ಲಿ ಪರಿಣತಿ ಸಂಪಾದಿಸಲು ತೊಡಗಿದರು. ಯಾರೇ ಫೋನ್ ಮಾಡಲಿ, ಮೊದಲು ಸುಮ್ಮನೆ ಆಲಿಸಿ, ಆಮೇಲೆ "ಯಾವ ಕಾಲೇಜಪ್ಪ ನಿಂದು?" ಎನ್ನುತ್ತಿದ್ದರು. ಅರ್ಧ ಜನ ಅಲ್ಲೇ ಫೋನ್ ಇಟ್ಟುಬಿಡುತ್ತಿದ್ದರು. ಅದು ಅಪ್ಪನಿಗೆ ವಿಜಯ.

ಸುಗ್ಗಿಯ ಕಾಲ ಬಂತು. ಒಂದು ಬೆಳಿಗ್ಗೆ ಅಪ್ಪ ನನಗೆ, ಕಾಲೇಜು ಮುಗಿಸಿ ಹರಿಹರದ ಹತ್ತಿರದ ಭಾನುವಳ್ಳಿಗೆ ಹೋಗಿ ನಮ್ಮ ಅಂಗಡಿಗೆ ಮಾಲು ಹಾಕುವ ರೈತರೊಬ್ಬರಿಗೆ, ಧಾರಣೆ ಏರಿದೆ, ಬೇಗ ತರಲಿ ಎಂದು ಹೇಳಿ ಬಾ ಎಂದರು. ನಾನು ಮಧ್ಯಾಹ್ನ ಹರಿಹರ ಬಿಟ್ಟೆ. ಭಾನುವಳ್ಳಿ ಇನ್ನೇನು ಸಿಕ್ಕಿತು ಎನ್ನುವಲ್ಲಿ ಟಾರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು, ಅಂಚಿಗೆ ಕಲ್ಲಿಟ್ಟಿದ್ದರು. ಒಬ್ಬ ಅಜ್ಜಿ ನನಗೆ ಬೆನ್ನು ಮಾಡಿ, ಸೀರೆ ಎತ್ತಿಕಟ್ಟಿ, ಕಾಲಿನಿಂದಲೇ ಕಾಳು ಸರಿಸುತ್ತ ಸಾಲು ಎಳೆಯುತ್ತಿದ್ದಳು. ಎದುರಿಗೆ ಬಸ್ಸು ಬಂತು. ಅದಕ್ಕೆ ದಾರಿ ಬಿಡಲು ಪಕ್ಕಕ್ಕೆ ಸರಿದೆ. ಕಲ್ಲು ತಪ್ಪಿಸಿದೆ, ಕಾಳು ತಪ್ಪಿಸಲಾಗಲಿಲ್ಲ. ಮುಂದಿನ ಚಕ್ರ ಕಾಳಿನ ಮೇಲೆ ಜಾರಿತು, ಸ್ಕೂಟರ್ ನನ್ನ ಕಾಲಿನ ಮೇಲೆ ಮಲಗಿತು. ನಾನು ಎಷ್ಟು ನಿಧಾನವಿದ್ದೆನೆಂದರೆ ಸ್ವಲ್ಪ ಹೊತ್ತಿನ ಮುಂಚೆ ಒಬ್ಬ ಸೈಕಲ್ಲಿನವನು ನನ್ನನ್ನು ದಾಟಿ ಹೋಗಿದ್ದ. ಸಾಕ್ಷಿ ಹೇಳಬಹುದಾಗಿದ್ದವನು ಹೋಗಿಯೇಬಿಟ್ಟ.

ಜನ ಓಡಿಬಂದು ಸ್ಕೂಟರ್ ಎತ್ತಿದರು. ಎತ್ತಿದ ಕೂಡಲೇ ಸ್ಟೆಪ್ನಿ ಅವರ ಕಣ್ಣಿಗೆ ಬಿತ್ತು.

"ಲೇ, ಇಲ್ಲೇ ಬರದೈತಲ್ಲೋ ಅವರಪ್ಪನ ನಂಬರು!" ಎಂದ ಒಬ್ಬ. ಇನ್ನೊಬ್ಬ ಪೂರ್ತಿ ಓದಿದ. ಎಲ್ಲರೂ ನನ್ನ ಕಡೆ ತಿರುಗಿದರು.

"ಅಪ್ಪಗೇ ಗೊತ್ತೈತೆ ಮಗನ ಜೋರು. ಅದಕ್ಕೇ ಬರೆಸ್ಯಾರೆ."

ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಆದರೂ ಆ ಹೊತ್ತಿಗೆ ಹೆಚ್ಚು ಉರಿದದ್ದು ಮುಖ.

ಅಜ್ಜಿ ಗಾಬರಿಯಿಂದ ಮುಂದೆ ಬಂದಳು. "ಕಾಳು ನನ್ನವು. ನಾನೇ ಹೇಳ್ತೀನಿ ಅವರಪ್ಪಗೆ" ಎಂದು ಫೋನಿದ್ದ ಕಿರಾಣಿ ಅಂಗಡಿಗೆ ಹೋದಳು. ಹೋದವಳು ಗಾಬರಿಯ ಜಾಗದಲ್ಲಿ ಅಚ್ಚರಿ ತುಂಬಿಕೊಂಡು ಬಂದಳು.

"ಏನಂದ್ರು ಅಜ್ಜಿ?"

"ನಿಮ್ಮಪ್ಪಗೆ ತಲಿ ಸಮ ಐತೇನೋ ತಮ್ಮಾ? ನಿಮ್ಮ ಮಗ ಬಿದ್ದಾನೆ ಅಂದೆ. ಹೋದ ಸಲಕ್ಕಿಂತ ಚಲೋ ಮುದುಕಿ ಆಗಿದೀಯ, ಈಗ ಪುಸ್ತಕ ಹಿಡಿ, ಪರೀಕ್ಷೆ ಹತ್ರ ಬಂದೈತೆ ಅಂದ್ರು. ನನಗ್ಯಾವ ಪರೀಕ್ಷೆನೋ ಯಪ್ಪಾ?"

ಜನ ನಕ್ಕರು. ಮುರಿದ ಕಾಲು ಹಿಡಿದುಕೊಂಡವನ ಸುತ್ತ ನಿಂತು ನಗಬಾರದು ಎಂದು ತಡೆದುಕೊಂಡು, ಆಗದೆ ನಕ್ಕರು. ಕಿರಾಣಿ ಅಂಗಡಿಯವರು ಈ ಸಲ ತಾವೇ ಫೋನ್ ಮಾಡಿ ನೋಡಿದರು. ಅವರೂ ಬಂದು ತಲೆ ಕೆರೆದುಕೊಂಡರು: "ನಿಮ್ಮ ನಾಟಕ ಕಂಪನಿಯಾಗೆ ಎಷ್ಟು ಜನ ಪಾತ್ರಧಾರಿಗಳು ಅದೀರಿ ಅಂತ ಕೇಳ್ತಾರಲ್ರೀ!"

ಕೊನೆಗೆ ನನ್ನನ್ನು ಒಂದು ಹೊರಸಿನ ಮೇಲೆ ಮಲಗಿಸಿ, ನಾಲ್ಕು ಜನ ಹೊತ್ತು, ಊರ ನಡುವೆ ಅಂಗಡಿಗೆ ಒಯ್ದರು. ಫೋನನ್ನು ತಂತಿ ಎಳೆದಷ್ಟು ಎಳೆದು ನನ್ನ ಕಿವಿಗಿಟ್ಟರು. ಗಂಭೀರವಾಗಿ, ಗಂಡಸಿನಂತೆ, ವಿಷಯ ಇಷ್ಟು ಎಂದು ಹೇಳಬೇಕೆಂದುಕೊಂಡಿದ್ದೆ. ಅಪ್ಪನ "ಯಾವ ಕಾಲೇಜಪ್ಪ ನಿಂದು?" ಕೇಳಿಸಿತು. ನಾನು ಜೋರಾಗಿ ಅತ್ತುಬಿಟ್ಟೆ. ಮೂರನೆಯ ತರಗತಿಯಿಂದ ಒಂದೇ ರಾಗದಲ್ಲಿ ಅಳುತ್ತ ಬಂದವನು ನಾನು. 

"ಎಲ್ಲಿದೀಯೋ?" ಎಂದರು ಅಪ್ಪ.

ಬಾಡಿಗೆ ಕಾರಿನಲ್ಲಿ ಬಂದರು. ನನ್ನನ್ನು ನೋಡಿದರು, ಕಾಲು ನೋಡಿದರು, ಆಮೇಲೆ ಸುತ್ತ ನಿಂತವರಲ್ಲಿ ಯಾರನ್ನೋ ಹುಡುಕಿದರು. ಅಜ್ಜಿ ತಾನೇ ಮುಂದೆ ಬಂದು ಕಾಲಿಗೆ ಬೀಳಲು ಬಗ್ಗಿದಳು.

"ಸಾವ್ಕಾರ್ರೇ, ಪೊಲೀಸ್ರಿಗೆ ಹೇಳಬ್ಯಾಡ್ರಿ. ರಸ್ತೆ ಮ್ಯಾಲೆ ಹಾಕಬಾರದಿತ್ತು. ತೇವ ಐತೆ ಅಂತ ದಲ್ಲಾಳಿಗಳು ರೇಟು ಮುರೀತಾರೆ, ಅದಕ್ಕೆ ಹಾಕಿದ್ದೆ."

ಅಪ್ಪ ಹಿಂದಕ್ಕೆ ಸರಿದು ಎರಡೂ ಕೈ ಜೋಡಿಸಿದರು. "ಏಳ್ರಿ ಯವ್ವಾ. ನಾನು ನಿಮಗೆ ಏನೇನೋ ಅಂದೆ. ತಪ್ಪಾತು." ಯಾರ್ಡಿನಲ್ಲಿ ಯಾರ ಮುಂದೆಯೂ ಅವರು ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ನನ್ನ ಬಟ್ಟೆಗೆ ಅಂಟಿಕೊಂಡಿದ್ದ ಕಾಳುಗಳನ್ನು ಕೊಡವುತ್ತ ಬಗ್ಗಿದರು. ಒಂದು ಕಾಳು ಕೈಯಲ್ಲಿ ಉಳಿಯಿತು. ಕಾಳಿನ ತೇವ ನೋಡುವ ಮೂವತ್ತು ವರ್ಷದ ಅಭ್ಯಾಸ. ಅದನ್ನು ಹಲ್ಲಿನ ನಡುವೆ ಇಟ್ಟು ಕಚ್ಚಿದರು, "ಇನ್ನೊಂದು ಬಿಸಿಲು ಬೇಕು" ಎಂದೂ ಅಂದುಬಿಟ್ಟರು.

 ಅಪ್ಪ ಬಾಯಲ್ಲಿದ್ದ ಚೂರನ್ನು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಅಜ್ಜಿ ಮಾತ್ರ ವಿನಯದಿಂದ "ಹೂನ್ರಿ, ನಾಳೆ ಹಾಕ್ತೀನಿ" ಎಂದಳು. ನಾನು ಹೊರಸಿನ ಮೇಲೆ ಕಣ್ಣು ಮುಚ್ಚಿಕೊಂಡೆ. ಪ್ರಜ್ಞೆ ತಪ್ಪಿತೆಂದು ಜನ ನೀರು ತಂದರು.

ಕಾರು ಹರಿಹರದ ಆಸ್ಪತ್ರೆಯ ಕಡೆ ಹೊರಟಿತು. ನನ್ನ ಕಾಲು ಅಪ್ಪನ ತೊಡೆಯ ಮೇಲಿತ್ತು. ಎಷ್ಟು ಜೋರಿದ್ದೆ ಎಂಬ ಪ್ರಶ್ನೆ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಕೊನೆಗೆ ನಾನೇ ಹೇಳಿದೆ:

"ನಾನು ಜೋರಾಗಿ ಹೋಗ್ತಿರಲಿಲ್ಲ ಅಪ್ಪಾಜಿ."

"ಗೊತ್ತು."

ಎಷ್ಟು ತಿಂಗಳಿಂದ ಕಾದಿದ್ದ ಮಾತು.  ಅಲ್ಲಿಗೇ ಸುಮ್ಮನಾಗಬಹುದಿತ್ತು. ಆಗಲಿಲ್ಲ.

"ಹೆಂಗೆ ಗೊತ್ತು?"

"ಕಾರು ಹತ್ತುವಾಗ ಆ ಅಜ್ಜಿ ಹೇಳಿದ್ಲು. ಕಣ್ಣಾರೆ ನೋಡಿದೀನಿ, ಹುಡುಗ ಬಾಳ ನಿಧಾನ ಬರ್ತಿದ್ದ ಅಂತ."

ಅಜ್ಜಿ ನನಗೆ ಬೆನ್ನು ಮಾಡಿದ್ದಳು. ಬಿದ್ದ ಸದ್ದು ಕೇಳಿದ ಮೇಲೆಯೇ ಅವಳು ತಿರುಗಿದ್ದು. ನನಗದು ಚೆನ್ನಾಗಿ ಗೊತ್ತಿತ್ತು. ಅಪ್ಪ ನನ್ನ ಪಾದ ಅಲುಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಡ್ರೈವರಿಗೆ ನಿಧಾನ ಹೋಗು ಎಂದು ಹೇಳುತ್ತಿದ್ದರು. ನಾನು "ಹೂಂ, ನೋಡಿದಾಳೆ" ಎಂದೆ, ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡೆ.