ಕಾಲು ಸೋಕದ ಬ್ರೇಕು

ನವರಾತ್ರಿಗೆ ಮುಂಚಿನಿಂದಲೇ ನಮ್ಮ ಕಾರು ಬ್ರೇಕ್ ಹಾಕಿದಾಗಲೆಲ್ಲ ಕಿರುಗುಟ್ಟುತ್ತಿತ್ತು. ಹಬ್ಬ ಹತ್ತಿರ ಬರುವಷ್ಟರಲ್ಲಿ ಅದು ಹೋಗಿ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಗರಗರ ಸದ್ದು ಶುರುವಾಯಿತು. ಬಸವೇಶ್ವರನಗರದ ನಮ್ಮ ಬೀದಿ ಇಳಿಜಾರಿನದು. ಸಂಜೆ ನಮ್ಮನೆಯವರು ಆಫೀಸಿನಿಂದ ಬರುವಾಗ ಆ ಸದ್ದು ಬೀದಿಯ ತುದಿಯಿಂದಲೇ ಅಡುಗೆಮನೆಗೆ ಕೇಳುತ್ತಿತ್ತು. ಕೇಳಿದ ಕೂಡಲೇ ಒಲೆ ಸಣ್ಣಗೆ ಮಾಡಿ ಕಿವಿಗೊಟ್ಟು ನಿಲ್ಲುತ್ತಿದ್ದೆ. ಸದ್ದು ನಿಂತು ಗೇಟು ತೆಗೆದ ಮೇಲೇ ನನಗೆ ಸಮಾಧಾನ.

ವಿಜಯನಗರದ ಗ್ಯಾರೇಜಿನಲ್ಲಿ ಆಯುಧಪೂಜೆಗೆ ಮುಂಚೆ ಸರ್ವಿಸ್‌ಗೆ ಬಿಟ್ಟ ಗಾಡಿಗಳು ಫುಟ್‌ಪಾತಿನವರೆಗೂ ನಿಂತಿದ್ದವಂತೆ. ಹಬ್ಬ ಮುಗಿಸಿಕೊಂಡು ಬನ್ನಿ ಸಾರ್ ಅಂದು ಕಳಿಸಿದರು. ಹಾಗಾದರೆ ಅಲ್ಲಿಯವರೆಗೆ ಕಾರು ಮುಟ್ಟಬೇಡಿ, ಮೆಟ್ರೋದಲ್ಲಿ ಹೋಗಿ ಬನ್ನಿ ಅಂದೆ. ನನ್ನ ಮಾತು ಕೇಳುವ ಪೈಕಿಯವರಾಗಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಬ್ರೇಕ್ ಪ್ಯಾಡ್ ಬದಲಾಯಿಸುವುದು ಏನು ಮಹಾ ಅಂತ ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿ, ಪ್ಯಾಡ್ ತಂದು, ಇಡೀ ಬೀದಿಗೆ ಸುದ್ದಿ ಮುಟ್ಟಿಸಿದರು.

ಅವರ ರಿಪೇರಿಯ ಚರಿತ್ರೆ ಬೀದಿಗೆಲ್ಲ ಗೊತ್ತಿದ್ದದ್ದೇ. ಅವರು ಬಿಚ್ಚಿದ ಮಿಕ್ಸಿ ಮತ್ತೆ ತಿರುಗಲಿಲ್ಲ, ಸರಿಮಾಡಿದ ನಲ್ಲಿ ಇವತ್ತಿಗೂ ತೊಟ್ಟಿಕ್ಕುತ್ತದೆ. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಕಾಂಪೌಂಡಿಗೆ ಕೈಯೂರಿಕೊಂಡು, ಇನ್ಶೂರೆನ್ಸ್ ಕಟ್ಟಿದ್ದೀರಾ ತಾನೇ ಅಂತ ನಕ್ಕರು. ಅತ್ತೆಗೆ ಅದು ಚುಚ್ಚಿತು. ನನ್ನ ಮಾವ ಬದುಕಿರುವವರೆಗೂ ಈ ಮಗನನ್ನು ಕೆಲಸಕ್ಕೆ ಬಾರದವನು ಅಂತ ನಾಲ್ಕು ಜನರ ಮುಂದೆ ಹಂಗಿಸುತ್ತಿದ್ದರಂತೆ. ಆಗಿನಿಂದಲೂ ಅತ್ತೆ ಮಗನ ಪರ ವಕಾಲತ್ತು ವಹಿಸಿಕೊಂಡೇ ಬಂದವರು. ನಮ್ಮ ಹುಡುಗ ಹಾಕಿದ ಬ್ರೇಕು ಕಂಪನಿಯವರದಕ್ಕಿಂತ ಗಟ್ಟಿಯಾಗಿರುತ್ತೆ, ನೋಡ್ತಿರಿ ಅಂತ ಮೇಷ್ಟ್ರಿಗೆ ಹೇಳಿ ಒಳಗೆ ಬಂದರು.

ಹಬ್ಬದ ಹಿಂದಿನ ದಿನ ರಜೆ ಹಾಕಿ ನಮ್ಮನೆಯವರು ಕೆಲಸಕ್ಕೆ ಕೂತರು. ನಾನು ಕಾಫಿ ತೆಗೆದುಕೊಂಡು ಹೋದಾಗ ಮುಂದಿನ ಚಕ್ರ ಬಿಚ್ಚಿಟ್ಟಿತ್ತು. ಹಳೆಯ ಪ್ಯಾಡನ್ನು ನನ್ನ ಕೈಗೆ ಕೊಟ್ಟರು. ಸವೆದು ಸವೆದು ಹಿಂದಿನ ಕಬ್ಬಿಣದ ತಗಡು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಇಷ್ಟು ದಿನ ಇದನ್ನು ನಂಬಿಕೊಂಡು ಓಡಾಡಿದ್ದೇವೆ ಅಂತ ನೆನೆದು ನನಗೆ ಬೆವರು ಬಂತು. ಅವರಿಗೆ ಅದೇನೂ ಇರಲಿಲ್ಲ. ನನ್ನನ್ನು ನಿಲ್ಲಿಸಿಕೊಂಡು ಪಾಠ ಶುರುಮಾಡಿದರು. ಹೊಸ ಪ್ಯಾಡು ದಪ್ಪ, ಅದಕ್ಕೆ ಜಾಗವಾಗಲು ಪ್ಯಾಡನ್ನು ಒತ್ತುವ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ತಳ್ಳಬೇಕು. ಕೆಲಸವೆಲ್ಲ ಮುಗಿದ ಮೇಲೆ ಪೆಡಲನ್ನು ಹಲವು ಸಲ ತುಳಿದು ಪಿಸ್ಟನ್ನನ್ನು ಮತ್ತೆ ಮುಂದಕ್ಕೆ ತರಬೇಕು. ತುಳಿಯದೆ ಗಾಡಿ ತೆಗೆದರೆ ಮೊದಲ ಸಲ ಒತ್ತಿದಾಗ ಪೆಡಲ್ ನೇರ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಇಷ್ಟನ್ನೂ ನನಗೆ ಹೇಳಿಕೊಟ್ಟವರು ಅವರೇ.

ಸಂಜೆ ಚಕ್ರಗಳನ್ನೆಲ್ಲ ಹಾಕಿ ಕೈ ತೊಳೆಯಲು ಒಳಗೆ ಹೋದರು. ಅತ್ತೆ ಅದನ್ನೇ ಕಾಯುತ್ತಿದ್ದರು. ಕಾರಿಗೆ ನೀರು ಹುಯ್ದು, ಒರೆಸಿ, ಬಾನೆಟ್ಟಿನ ಮೇಲೆ ಮೂರೆಳೆ ವಿಭೂತಿ ಎಳೆದು ಕುಂಕುಮ ಇಟ್ಟರು. ಸ್ಪ್ಯಾನರು, ಜಾಕು ಎಲ್ಲವನ್ನೂ ತೊಳೆದು ದೇವರ ಮುಂದೆ ಮಣೆಯ ಮೇಲೆ ಜೋಡಿಸಿದರು. ಇವರು ಬಂದು ಪೆಡಲ್ ತುಳಿಯಲೆಂದು ಬಾಗಿಲು ತೆಗೆದರೆ ಅತ್ತೆ ಅಡ್ಡ ನಿಂತರು.

"ಪೂಜೆಗೆ ಕೂತಿರೋ ಗಾಡಿಗೆ ಕಾಲು ತಾಗಿಸ್ತೀಯೇನಪ್ಪಾ? ಏನಿದ್ರೂ ನಾಳೆ ನೋಡ್ಕೋ."

ಅದೊಂದನ್ನು ಮುಗಿಸಿಬಿಡಲಿ ಅತ್ತೆ ಅಂತ ನಾನೂ ಅಂದೆ. ಅತ್ತೆ ಜಗ್ಗಲಿಲ್ಲ. ಬೆಳಿಗ್ಗೆ ಒಂದು ನಿಮಿಷದ ಕೆಲಸ ಬಿಡು ಅಂತ ಇವರು ಬಾಗಿಲು ಹಾಕಿದರು.

ಬೆಳಿಗ್ಗೆ ಇಡೀ ಬೀದಿ ಹೊರಗಿತ್ತು. ಮನೆಮನೆಯ ಮುಂದೆ ಗಾಡಿಗಳು, ಬಾಳೆಕಂದು, ಚೆಂಡುಹೂವು. ಆಗಲೇ ಒಡೆದ ಬೂದುಗುಂಬಳಕಾಯಿಗಳ ಕುಂಕುಮದ ನೀರು ಇಳಿಜಾರಿನಲ್ಲಿ ಕೆಂಪಗೆ ಹರಿದು ಬರುತ್ತಿತ್ತು. ನನಗೆ ಅದನ್ನು ನೋಡಲು ಆಗಲಿಲ್ಲ. ರಾಹುಕಾಲ ಬರುವುದರೊಳಗೆ ಮುಗಿಸಬೇಕು ಅಂತ ಅತ್ತೆ ಎಲ್ಲರನ್ನೂ ಓಡಿಸುತ್ತಿದ್ದರು. ನಮ್ಮನೆಯ ಪದ್ಧತಿ ಹೀಗೆ: ಕಾಯಿ ಒಡೆದ ಮೇಲೆ ಕಾರು ಚಕ್ರದ ಕೆಳಗಿನ ನಿಂಬೆಹಣ್ಣು ತುಳಿದು, ಗೇಟು ದಾಟಿ, ರ‍್ಯಾಂಪ್ ಇಳಿದು ಮನೆಯ ಹಿರಿಯರ ಮುಂದೆ ಬಂದು ನಿಲ್ಲಬೇಕು. ಅವರು ಅದಕ್ಕೆ ಆರತಿ ಎತ್ತಬೇಕು. ಅತ್ತೆ ರೇಷ್ಮೆ ಸೀರೆಯುಟ್ಟು, ಆರತಿ ತಟ್ಟೆ ಹಿಡಿದು, ರ‍್ಯಾಂಪಿನ ಬುಡದಲ್ಲಿ ಕಾರಿಗೆ ಎದುರಾಗಿ ನಿಂತರು.

ನಮ್ಮನೆಯವರು ಪಂಚೆ ಎತ್ತಿ ಕಟ್ಟಿಕೊಂಡು ಕೂತು ಕಾರು ಸ್ಟಾರ್ಟ್ ಮಾಡಿದರು. ನಿಂಬೆಹಣ್ಣು ಪಚಕ್ಕೆಂದಿತು. ಆಗ ನನಗೆ ಪೆಡಲಿನ ನೆನಪಾಯಿತು. ಅತ್ತೆ, ಪಕ್ಕಕ್ಕೆ ಸರೀರಿ ಅಂತ ಕಿರುಚಿದೆ. ಅಕ್ಕಪಕ್ಕದ ಗಾಡಿಗಳ ಹಾರ್ನ್ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕಾರು ಗೇಟು ದಾಟಿತು. ಗಾಜಿನ ಹಿಂದೆ ಅವರ ಮುಖ ಕಂಡಿತು. ಹಾಗೆ ಬಿಳಿಚಿಕೊಂಡ ಮುಖವನ್ನು ನಾನು ಸಾವಿನ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಅವರ ಭುಜ ಮೇಲಕ್ಕೂ ಕೆಳಕ್ಕೂ ಕುಲುಕುತ್ತಿತ್ತು, ತುಳಿಯುತ್ತಿದ್ದರು, ತುಳಿಯುತ್ತಲೇ ಇದ್ದರು. ಕಾರು ಇಳಿಯುತ್ತಲೇ ಇತ್ತು. ಹ್ಯಾಂಡ್‌ಬ್ರೇಕ್ ಯಾಕೆ ಎಳೆಯಲಿಲ್ಲ ಅಂತ ಆಮೇಲೆ ಕೇಳಿದರೆ, ಕೈ ಇರುವುದೇ ಮರೆತುಹೋಗಿತ್ತು ಅಂದರು.

ಅತ್ತೆ ಒಂದು ಹೆಜ್ಜೆಯೂ ಸರಿಯಲಿಲ್ಲ. ಬಂಪರ್ ಸೀರೆಯ ನೆರಿಗೆಗೆ ತಾಗುವ ಹೊತ್ತಿಗೆ, ತುಳಿದು ತುಳಿದು ಪಿಸ್ಟನ್ ಮುಂದಕ್ಕೆ ಬಂದಿತೇನೋ, ಕಾರು ಒಮ್ಮೆ ಜಗ್ಗಿ ನಿಂತಿತು. ಅತ್ತೆ ಆರತಿ ಎತ್ತಿದರು. ಎದುರುಮನೆಯ ಮೇಷ್ಟ್ರು, ಭೇಷ್, ಕರಾರುವಾಕ್ಕಾಗಿ ನಿಲ್ಲಿಸಿದ್ರಿ ಅಂತ ಚಪ್ಪಾಳೆ ತಟ್ಟಿದರು. ನಮ್ಮನೆಯವರು ತುಂಬ ಹೊತ್ತು ಕಾರಿನಿಂದ ಇಳಿಯಲಿಲ್ಲ.

ಒಳಗೆ ಬಂದ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. ಮಗನಿಗೆ ಬುದ್ಧಿಯಿಲ್ಲ, ನಿಮಗೆ ಕಣ್ಣಿರಲಿಲ್ಲವೇ, ಕಾರು ಮೈಮೇಲೆ ಬರ್ತಿರೋದು ಕಾಣಲಿಲ್ಲವೇ ಅಂತ ಅತ್ತೆಯನ್ನು ಬಾಯಿಗೆ ಬಂದಂತೆ ಕೇಳಿದೆ. ಅವರು ಸೋಫಾದಲ್ಲಿ ಕೂತು, ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು.

"ಕಾಣ್ತು ಕಣಮ್ಮಾ. ಅವನ ಮುಖ ನೋಡಿದಾಗ್ಲೇ ನಿಲ್ಲಲ್ಲ ಅಂತ ಗೊತ್ತಾಯ್ತು. ಬೀದಿ ಜನ ಎಲ್ಲಾ ನೋಡ್ತಿದ್ರು. ಅವನು ಹಾಕಿದ ಬ್ರೇಕಿಗೆ ಹೆತ್ತೋಳೇ ಹೆದರಿ ಓಡಿದ್ಲು ಅಂತ ಆಗ್ಬಾರ್ದಿತ್ತು."

ನಮ್ಮನೆಯವರು ಬಾಗಿಲ ಹಿಂದೆಯೇ ನಿಂತಿದ್ದರು. ಒಳಗೆ ಬಂದು ಅತ್ತೆಯ ಕಾಲ ಬುಡದಲ್ಲಿ ನೆಲದ ಮೇಲೆ ಕೂತರು. ಅತ್ತೆ ಅವರ ತಲೆ ಸವರಲಿಲ್ಲ. ಎರಡೂ ಕೈಗಳನ್ನು ಮಗನಿಗೆ ಕಾಣದಂತೆ ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಿದ್ದರು.